ಆಪರೇಷನ್‌ಗೆ ಕಾರ್ಡ್ ಉಂಟು, ಮನೆಗೆ ಬಂದ ಮೇಲೆ ಎಂತ ಉಂಟು?

ಕಲ್ಯಾಣಪುರ_ಭಾವ · ಶನಿವಾರ ರಾತ್ರಿ 9.40

ಯಾವ ವಿಭಾಗಕ್ಕೆ ಹಾಕುವುದು ಗೊತ್ತಾಗ್ಲಿಲ್ಲ, ಹಾಗಾಗಿ ‘ಊರಿನ ಮಾತು’ವಿನಲ್ಲೇ ಹಾಕ್ತಾ ಇದ್ದೇನೆ. ಸ್ವಲ್ಪ ಉದ್ದ ಉಂಟು, ಊಟ ಆದ ಮೇಲೆ ಓದಿ.

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಅತ್ತೆ ಅಂಗಳದ ಪಾಚಿಯಲ್ಲಿ ಜಾರಿದರು. ತುಳಸಿಕಟ್ಟೆಯಿಂದ ಬಚ್ಚಲಿಗೆ ಹತ್ತು ಹೆಜ್ಜೆ, ಅಷ್ಟೇ. ಸೊಂಟದ ಎಲುಬು ಮುರಿಯಿತು. ವಯಸ್ಸು 78. ಅವರ ರೇಷನ್ ಕಾರ್ಡ್ ಬೇರೆ, ಬಿಪಿಎಲ್. ಆಯುಷ್ಮಾನ್ ಕಾರ್ಡ್‌ನಲ್ಲಿ ಆಗ್ತದೆ ಅಂತ ಧೈರ್ಯ ಇತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್ ಚೀಟಿ, ಆಮೇಲೆ ಖಾಸಗಿ. ಚೀಟಿಗೆ ಒಂದು ದಿನ, ಅಪ್ರೂವಲ್‌ಗೆ ಎರಡು ದಿನ. ನಾಲ್ಕನೇ ದಿನ ಆಪರೇಷನ್. ಡಾಕ್ಟ್ರು ಒಳ್ಳೆಯವರು, ಕೈಗುಣವೂ ಒಳ್ಳೆಯದು. ನಮ್ಮ ಕೈಯಿಂದ ಹೋದದ್ದು ಕ್ಯಾಂಟೀನ್ ಮತ್ತು ರಿಕ್ಷಾದ ದುಡ್ಡು ಮಾತ್ರ.

ಆಪರೇಷನ್ ಆಗಿ ಆರನೇ ದಿನ ಡಿಸ್ಚಾರ್ಜ್. ಸಮ್ಮರಿ ಮೂರು ಪುಟ. ಒಳಗೆ ಹಾಕಿದ ಕಬ್ಬಿಣದ ಕಂಪೆನಿ, ಸೈಜು, ಬ್ಯಾಚ್ ನಂಬರ್, ಎಲ್ಲ ಸ್ಟಿಕ್ಕರ್ ಸಮೇತ ಅಂಟಿಸಿದ್ದಾರೆ. ಕಡೆಯ ಪುಟದ ಕಡೆಯ ಸಾಲಿನಲ್ಲಿ ಎರಡೇ ಶಬ್ದ: ಹೋಂ ಕೇರ್.

ಆ ಎರಡು ಶಬ್ದ ಎಂತ ಅಂತ ನಮಗೆ ಮನೆಗೆ ಬಂದ ಮೇಲೆ ಗೊತ್ತಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಕಾಲಿನ ಮಧ್ಯೆ ದಿಂಬು ಇಟ್ಟೇ ತಿರುಗಿಸಬೇಕು, ಇಲ್ಲದಿದ್ದರೆ ಜಾಯಿಂಟ್ ತಪ್ಪುತ್ತದೆ ಅಂತ ಹೇಳಿದ್ದರು. ಬಚ್ಚಲು ಹೊರಗೆ. ಮಂಚ ತಗ್ಗು. ಹನ್ನೊಂದನೇ ದಿನ ಬೆನ್ನಿನ ಬುಡದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ನಾವು ಸೊಳ್ಳೆ ಕಚ್ಚಿದ್ದು ಅಂದುಕೊಂಡೆವು. ನಾಲ್ಕು ದಿನದಲ್ಲಿ ಅದು ಹುಣ್ಣು. ಏರ್ ಬೆಡ್ ತಂದೆವು, ಅದರ ಮೋಟಾರು ರಾತ್ರಿ ಇಡೀ ಗರ್ರ್ ಅಂತದೆ. ಮಂಗಳೂರಿನ ಏಜೆನ್ಸಿಯಿಂದ ಹೋಂ ನರ್ಸ್ ಬಂದರು, ತಿಂಗಳಿಗೆ 22 ಸಾವಿರ, ಊಟ ನಮ್ಮದು. ಹದಿನೇಳನೇ ದಿನ ತಂಗಿಯ ಮದುವೆ ಅಂತ ಊರಿಗೆ ಹೋದವರು ವಾಪಸ್ ಬರಲಿಲ್ಲ. ನನ್ನ ಹೆಂಡತಿ ಖಾಸಗಿ ಶಾಲೆಯ ಟೀಚರ್. ಮೊದಲು ರಜೆ, ಆಮೇಲೆ ಸಂಬಳ ಇಲ್ಲದ ರಜೆ, ಆಮೇಲೆ ರಾಜೀನಾಮೆ.

ನಾನು ಸಹಕಾರಿ ಸಂಘದಲ್ಲಿ ಗುಮಾಸ್ತ. ಸಹಕಾರಿ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ ಶುರುವಾದಾಗ ಫಾರಂ ತುಂಬಿಸಿದವರಲ್ಲಿ ನಾನೂ ಒಬ್ಬ. ಆಮೇಲೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದಕ್ಕೆ ಆಯುಷ್ಮಾನ್ ಭಾರತ್ ಸೇರಿತು, ಯಶಸ್ವಿನಿ ನಿಂತಿತು. 2022ರಲ್ಲಿ ಯಶಸ್ವಿನಿ ಪುನಃ ಎದ್ದು ಕೂತಿತು. ಪ್ರತಿ ಸಲ ಕಾರ್ಡಿನ ಬಣ್ಣ ಬದಲು, ಫೋಟೋ ಬದಲು. ಒಂದು ಕಾರ್ಡ್ ಕೂಡ ರಾತ್ರಿ ಎರಡು ಗಂಟೆಗೆ ಅತ್ತೆಯ ಮಗ್ಗುಲು ಬದಲಿಸುವವರು ಯಾರು ಅಂತ ಕೇಳಲಿಲ್ಲ. ಸುಧಾರಣೆ, ಸುಧಾರಣೆ ಅಂತಾರಲ್ಲ, ಅದು ಆಸ್ಪತ್ರೆಯ ಗೇಟಿನ ತನಕ ಮಾತ್ರವಾ?

ಕೊಡಿಯಾಲ್_ಪಿಂಚಣಿ · ಶನಿವಾರ ರಾತ್ರಿ 10.15

ಭಾವನವರೇ, ಕಷ್ಟ ಅರ್ಥ ಆಗ್ತದೆ. ಆದರೆ ಒಂದು ಮಾತು. ಐದಾರು ದಿನ ಆಸ್ಪತ್ರೆ ಬಿಟ್ಟಿ ಸಿಕ್ಕಿದೆಯಲ್ಲ, ಮೊದಲು ಅದಕ್ಕೆ ಸಂತೋಷಪಡಿ. 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ಹೋಗ್ತಿದ್ದದ್ದು ಶೇ. 64.2. 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ. ಇದು ಸಣ್ಣ ವಿಷಯ ಅಲ್ಲ. ಆದರೂ ಆ ವರ್ಷ ಸರ್ಕಾರಗಳು ಎಲ್ಲ ಸೇರಿ ಆರೋಗ್ಯಕ್ಕೆ ಹಾಕಿದ್ದು ಜಿಡಿಪಿಯ ಶೇ. 1.84 ಮಾತ್ರ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಶೇ. 2.5 ಮಾಡ್ತೇವೆ ಅಂತ ಹೇಳಿತ್ತು. ಇಷ್ಟರಲ್ಲಿ ಮಗ್ಗುಲು ಬದಲಿಸುವುದಕ್ಕೂ ಸರ್ಕಾರ ಬೇಕು ಅಂದರೆ ಹೇಗೆ? ಹಿಂದೆ ಮನೆಯಲ್ಲೇ ನೋಡಿಕೊಳ್ತಾ ಇರ್ಲಿಲ್ಲವಾ?

ಸೊಸೆ_ನಂಬರ್_2 · ಶನಿವಾರ ರಾತ್ರಿ 10.22

@ಕೊಡಿಯಾಲ್_ಪಿಂಚಣಿ ನೋಡಿಕೊಳ್ತಾ ಇದ್ದದ್ದು ಯಾರು ಸರ್? ‘ಮನೆಯಲ್ಲಿ’ ಅನ್ನುವುದು ಒಂದು ಹೆಂಗಸಿನ ಹೆಸರಾ?

ಪಡುಬಿದ್ರಿ_ಎಕ್ಸ್‌ಪ್ರೆಸ್ · ಶನಿವಾರ ರಾತ್ರಿ 10.25

😂😂 ಬಿತ್ತು ಒಂದು

ಕೊಡಿಯಾಲ್_ಪಿಂಚಣಿ · ಶನಿವಾರ ರಾತ್ರಿ 10.41

ನಾನು ಹೇಳಿದ್ದು ಕೂಡುಕುಟುಂಬದ ಬಗ್ಗೆ. ಅಳಿಯಕಟ್ಟಿನ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಹೋಗುವ ಮನೆಗಳಲ್ಲಿ ಅಜ್ಜಿಯಂದಿರು ತಮ್ಮ ಮನೆಯಲ್ಲೇ ಇರ್ತಿದ್ದರು, ಸುತ್ತ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಈಗ ಒಬ್ಬ ಮುಂಬೈ, ಒಬ್ಬ ದುಬೈ.

ಸೊಸೆ_ನಂಬರ್_2 · ಶನಿವಾರ ರಾತ್ರಿ 10.50

ಅದೇ. ಏಳು ಹೆಂಗಸರು ಮಾಡ್ತಿದ್ದ ಕೆಲಸ ಈಗ ಒಬ್ಬಳ ತಲೆಗೆ. ನನ್ನದೂ ಅದೇ ಕಥೆ. ಮಾವ ಮೂರು ವರ್ಷ ಹಾಸಿಗೆಯಲ್ಲಿದ್ದರು. ನನಗೆ ತಿಂಗಳಿಗೆ ಗೃಹಲಕ್ಷ್ಮಿಯ 2000 ಬರ್ತದೆ, ಅದು ಡೈಪರಿಗೇ ಸರಿ. ಮಾವ ತೀರಿಹೋದ ದಿನ ಬಂದವರೆಲ್ಲ ‘ಪುಣ್ಯ ಕಟ್ಕೊಂಡೆ’ ಅಂದರು. ನನ್ನ ಸೊಂಟದ ಡಿಸ್ಕ್ ಜಾರಿದ್ದು ಯಾರಿಗೂ ಕಾಣಲಿಲ್ಲ.

ಮನೆಮದ್ದು_ಮಾಸ್ಟರ್ · ಶನಿವಾರ ರಾತ್ರಿ 11.05

ಇದೆಲ್ಲ ಆ [ತೆಗೆದುಹಾಕಲಾಗಿದೆ] ಆಸ್ಪತ್ರೆಯವರ ಕಾರಸ್ಥಾನ. ಕಾರ್ಡ್ ಪೇಷಂಟ್ ಅಂದರೆ ಬೇಗ ಹೊರಗೆ ಹಾಕ್ತಾರೆ. ನನ್ನ ಭಾವನಿಗೂ ಹಾಗೇ ಮಾಡಿದ್ದು.

ನಿರ್ವಾಹಕ · ಶನಿವಾರ ರಾತ್ರಿ 11.12

ಆಸ್ಪತ್ರೆ, ಡಾಕ್ಟ್ರ ಹೆಸರು ಹಾಕಬೇಡಿ ಅಂತ ಎಷ್ಟು ಸಲ ಹೇಳುವುದು ಮಾರಾಯ್ರೆ. ಹೆಸರು ತೆಗೆದಿದ್ದೇನೆ, ಮಾತು ಇಟ್ಟಿದ್ದೇನೆ.

ಬಿಳಿಕೋಟು_ಕಪ್ಪುಕಾಫಿ · ಭಾನುವಾರ ಬೆಳಿಗ್ಗೆ 7.10

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಡಾಕ್ಟರ್ ಆಗಿ ಒಂದು ವಿಷಯ ಬಿಡಿಸಿ ಹೇಳ್ತೇನೆ, ಬೈಬೇಡಿ.

ಆಪರೇಷನ್ ಆದರೆ ಕಾರ್ಡಿನಲ್ಲಿ ದುಡ್ಡು ದಿನದ ಲೆಕ್ಕದಲ್ಲಿ ಬರುವುದಿಲ್ಲ, ಪ್ಯಾಕೇಜ್ ಲೆಕ್ಕದಲ್ಲಿ ಬರ್ತದೆ. ಸೊಂಟದ ಆಪರೇಷನ್‌ಗೆ ಇಂಥ ಕೋಡ್, ಇಷ್ಟು ರೂಪಾಯಿ, ಮುಗಿಯಿತು. ಪೇಷಂಟ್ ಐದು ದಿನ ಇದ್ದರೂ ಅಷ್ಟೇ, ಹದಿನೈದು ದಿನ ಇದ್ದರೂ ಅಷ್ಟೇ. ಆರನೇ ದಿನದಿಂದ ಆಸ್ಪತ್ರೆಗೆ ಪ್ರತಿ ದಿನವೂ ಕೈಯಿಂದ ಖರ್ಚು. ಅವರು ಕೆಟ್ಟವರಾಗಬೇಕು ಅಂತಿಲ್ಲ, ಲೆಕ್ಕವೇ ಅವರನ್ನು ಆ ಕಡೆಗೆ ದೂಡ್ತದೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಮದ್ದು, ಪರೀಕ್ಷೆ ಆಯುಷ್ಮಾನ್ ಪ್ಯಾಕೇಜಿನ ಒಳಗೇ ಬರ್ತದೆ, ಅದನ್ನು ತುಂಬಾ ಜನ ಕೇಳಿ ಪಡೆಯುವುದಿಲ್ಲ, ಕೇಳಿ. ಆದರೆ ಡ್ರೆಸ್ಸಿಂಗ್ ಮಾಡಲು ಮನೆಗೆ ಬರುವ ಕೈಗೆ ಅದರಲ್ಲಿ ಕೋಡ್ ಇಲ್ಲ. ಕೋಡ್ ಇಲ್ಲದ್ದು ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ ಅಂತ ಲೆಕ್ಕ. ಹೊರರೋಗಿ ಚಿಕಿತ್ಸೆಯೂ ಹಾಗೆಯೇ. ಬಿಪಿ ಮಾತ್ರೆಗೆ ಕಾರ್ಡ್ ನಡೆಯುವುದಿಲ್ಲ, ಮಾತ್ರೆ ಬಿಟ್ಟು ಲಕ್ವ ಹೊಡೆದರೆ ನಡೆಯುತ್ತದೆ.

ಮತ್ತೆ ಸುಧಾರಣೆ ಗೇಟಿನ ತನಕ ಮಾತ್ರವಾ ಅಂತ ಕೇಳಿದಿರಿ. ಗೇಟಿನ ಒಳಗೂ ಅದು ಸುಲಭ ಅಲ್ಲ. 2017 ನೆನಪುಂಟಾ? ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ತಿದ್ದುಪಡಿ. ಮೊದಲ ಕರಡಿನಲ್ಲಿ ದರ ಮೀರಿದರೆ ಜೈಲು ಅಂತ ಇತ್ತು. ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯ ಇಡೀ ಖಾಸಗಿ ವೈದ್ಯರ ಮುಷ್ಕರ, ಓಪಿಡಿ ಬಂದ್. ಕಡೆಗೆ ಪಾಸಾದ ಮಸೂದೆ ಮೆತ್ತಗಾಗಿತ್ತು. ನಾನು ಆಗ ಸ್ಟೂಡೆಂಟ್, ಮುಷ್ಕರದ ಪರ ಬ್ಯಾನರ್ ಹಿಡಿದವ. ಜೈಲು ಶಿಕ್ಷೆ ತಪ್ಪು ಅಂತ ಇವತ್ತಿಗೂ ಹೇಳ್ತೇನೆ. ಆದರೆ ದರಪಟ್ಟಿ ಗೋಡೆಗೆ ಹಾಕಲಿಕ್ಕೆ ನಾವು ಅಷ್ಟು ಹೆದರಿದ್ದು ಯಾಕೆ ಅಂತ ಈಗ ಒಂದೊಂದು ಸಲ ಅನಿಸ್ತದೆ.

ದಕ್ಷಿಣ ಕನ್ನಡದಲ್ಲಿ ಎಂಟು ಖಾಸಗಿ ಮೆಡಿಕಲ್ ಕಾಲೇಜು. ಮಂಗಳೂರಿನ ವೆನ್‌ಲಾಕ್ 1848ರ ಸರ್ಕಾರಿ ಆಸ್ಪತ್ರೆ, 1950ರ ದಶಕದಿಂದ ಖಾಸಗಿ ಕಾಲೇಜಿನ ಹುಡುಗರು ಅಲ್ಲಿ ಕಲಿತಾ ಇದ್ದಾರೆ, ನಾನೂ ಕಲಿತವ. ಅಂದರೆ ನಮ್ಮೂರಲ್ಲಿ ಸರ್ಕಾರಿ ಯಾವುದು ಖಾಸಗಿ ಯಾವುದು ಅಂತ ಗೆರೆ ಎಳೆಯುವುದೇ ಕಷ್ಟ. ಡಾಕ್ಟ್ರಿಗೆ ಬರ ಇಲ್ಲ, ಬೆಡ್‌ಗೆ ಬರ ಇಲ್ಲ. ಇಂಥ ಜಿಲ್ಲೆಯಲ್ಲೂ ಭಾವನ ಅತ್ತೆಗೆ ಹುಣ್ಣಾಯಿತು ಅಂದರೆ ಬರ ಬೇರೆ ಕಡೆ ಉಂಟು.

ಮನೆಮದ್ದು_ಮಾಸ್ಟರ್ · ಭಾನುವಾರ ಬೆಳಿಗ್ಗೆ 7.31

ಅಂದರೆ ಬೇಗ ಹೊರಗೆ ಹಾಕ್ತಾರೆ ಅಂತ ಒಪ್ಪಿದಿರಿ.

ಬಿಳಿಕೋಟು_ಕಪ್ಪುಕಾಫಿ · ಭಾನುವಾರ ಬೆಳಿಗ್ಗೆ 7.33

ಒಪ್ಪಿದೆ. ಮಲಗ್ತೇನೆ.

ಶಿರ್ವದ_ಸಿಸ್ಟರ್ · ಭಾನುವಾರ ಮಧ್ಯಾಹ್ನ 1.20

ನಾನು ಇಂಗ್ಲೆಂಡಿನಲ್ಲಿ ನರ್ಸ್, ಹದಿನಾಲ್ಕು ವರ್ಷ ಆಯಿತು. ವೃದ್ಧರ ವಾರ್ಡ್. ನಿಮಗೆ ಒಂದು ಮೋಜು ಹೇಳ್ತೇನೆ. ಡಾಕ್ಟ್ರು ‘ಪ್ಯಾಕೇಜ್’ ಅಂದದ್ದು ಓದಿ ನನಗೆ ನಗು ಬಂತು. ನಿಮ್ಮಲ್ಲಿ ಪ್ಯಾಕೇಜ್ ಅಂದರೆ ಆಪರೇಷನ್ನಿನ ರೇಟ್. ನಮ್ಮ ವಾರ್ಡಿನಲ್ಲಿ ‘ಪ್ಯಾಕೇಜ್’ ಅಂದರೆ ಮನೆಗೆ ಹೋದ ಮೇಲಿನ ಆರೈಕೆ. ಬೆಳಿಗ್ಗೆ ಏಳಿಸಿ ಸ್ನಾನ ಮಾಡಿಸಲಿಕ್ಕೆ ಒಬ್ಬರು, ಮಧ್ಯಾಹ್ನ ಊಟಕ್ಕೆ, ಸಂಜೆ, ಮತ್ತೆ ರಾತ್ರಿ ಮಲಗಿಸಲಿಕ್ಕೆ. ಪ್ಯಾಕೇಜ್ ಸಿಗದೆ ಪೇಷಂಟನ್ನು ಬಿಡುವ ಹಾಗಿಲ್ಲ. ಪ್ಯಾಕೇಜ್ ಸಿಗುವುದಿಲ್ಲ.

ಹೋದ ಚಳಿಗಾಲ ಒಬ್ಬರು ಇದ್ದರು, 91 ವರ್ಷ. ನ್ಯುಮೋನಿಯಾ ಗುಣ ಆಗಿತ್ತು. ನಮ್ಮ ಬೋರ್ಡಿನಲ್ಲಿ ಅವರ ಹೆಸರಿನ ಎದುರು ‘ಮೆಡಿಕಲಿ ಫಿಟ್’ ಅಂತ ಹಸಿರು ಮ್ಯಾಗ್ನೆಟ್. ಪ್ರತಿ ದಿನ ಬೆಳಿಗ್ಗೆ ಗಡ್ಡ ಮಾಡಿಸಿಕೊಂಡು, ಕೋಟು ಹಾಕಿ, ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿರ್ತಿದ್ದರು. ‘ಇವತ್ತಾ ಸಿಸ್ಟರ್?’ ಅಂತ ಕೇಳುವರು. 19 ದಿನ. ಹಾಗೆ ಕೂತು ಕೂತು ಕಾಲಿನ ಶಕ್ತಿ ಹೋಯಿತು. ಬರುವಾಗ ನಡೆದು ಬಂದವರು ಹೋಗುವಾಗ ನಡೆಯಲಿಲ್ಲ. ಅದೇ ಹೊತ್ತಿಗೆ ಕೆಳಗೆ ಎಮರ್ಜೆನ್ಸಿಯ ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಜನ, ಮೇಲೆ ಬೆಡ್ ಖಾಲಿ ಇಲ್ಲ ಅಂತ. 2024ರಲ್ಲಿ ಸರ್ಜನ್ ಲಾರ್ಡ್ ಡಾರ್ಜಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇದರ ಲೆಕ್ಕ ಉಂಟು: ಶೇ. 13ರಷ್ಟು ಬೆಡ್‌ಗಳಲ್ಲಿ ಇರುವವರು ಹೊರಗಿನ ಆರೈಕೆಗೆ ಕಾಯ್ತಾ ಇರುವವರು.

ಇದಕ್ಕೆ ಕಾರಣ ಹಳೆಯದು. 1948 ಜುಲೈ 5ಕ್ಕೆ ಎನ್‌ಎಚ್‌ಎಸ್, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಶುರುವಾಯಿತು, ಆಸ್ಪತ್ರೆ ಎಲ್ಲರಿಗೂ ಬಿಟ್ಟಿ. ಅದೇ ದಿನ ಇನ್ನೊಂದು ಕಾನೂನೂ ಜಾರಿಗೆ ಬಂತು, ಮುದುಕರ ಆರೈಕೆಯನ್ನು ಊರಿನ ಕೌನ್ಸಿಲ್‌ಗಳಿಗೆ ಒಪ್ಪಿಸಿತು, ಅದು ಎಲ್ಲರಿಗೂ ಬಿಟ್ಟಿ ಅಲ್ಲ, ಆಸ್ತಿ ನೋಡಿ. ಕ್ಯಾನ್ಸರ್ ಬಂದರೆ ದೇಶ ನೋಡಿಕೊಳ್ತದೆ, ಮರೆವಿನ ರೋಗ ಬಂದರೆ ನೀನೇ ಕಟ್ಟು. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇದ್ದರೆ ಕೇರ್ ಹೋಮಿನ ಖರ್ಚು ಪೂರ್ತಿ ಕೈಯಿಂದ. ಒಂಟಿ ಇದ್ದವರ ಮನೆಯೂ ಆ ಲೆಕ್ಕಕ್ಕೆ ಬರ್ತದೆ. ಮನೆ ಮಾರಿ ಕಟ್ಟಿದವರು ಎಷ್ಟೋ ಜನ.

ಸರಿ ಮಾಡಲಿಕ್ಕೆ ಪ್ರಯತ್ನ ಮಾಡ್ಲಿಲ್ಲ ಅಂತಲ್ಲ. 2011ರಲ್ಲಿ ಡಿಲ್ನಟ್ ಆಯೋಗ ಹೇಳಿತು, ಒಬ್ಬರು ಜೀವಮಾನದಲ್ಲಿ ಇಷ್ಟಕ್ಕಿಂತ ಹೆಚ್ಚು ಕಟ್ಟಬಾರದು ಅಂತ ಮಿತಿ ಹಾಕಿ. 2014ರಲ್ಲಿ ಕಾನೂನೂ ಆಯಿತು, 2016ಕ್ಕೆ ಜಾರಿ ಅಂದರು, ಮುಂದೆ ಹಾಕಿದರು, ಬಿಟ್ಟರು. 2017ರ ಚುನಾವಣೆಯಲ್ಲಿ ಪ್ರಧಾನಿ ತೆರೇಸಾ ಮೇ ಬೇರೆ ದಾರಿ ಹೇಳಿದ್ದಕ್ಕೆ ಜನ ಅದಕ್ಕೆ ‘ಮರೆವಿನ ತೆರಿಗೆ’ ಅಂತ ಹೆಸರಿಟ್ಟು ಬೈದರು. 2021ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ 86,000 ಪೌಂಡ್ ಮಿತಿ ಅಂದರು, ಅದಕ್ಕೆ ಅಂತ ಹೊಸ ತೆರಿಗೆಯೂ ಬಂತು. ಮುಂದಿನ ವರ್ಷ ತೆರಿಗೆ ರದ್ದು. ಮಿತಿಯನ್ನು 2025ಕ್ಕೆ ದೂಡಿದರು. 2024 ಜುಲೈಯಲ್ಲಿ ಹೊಸ ಸರ್ಕಾರ ಅದನ್ನೂ ತೆಗೆದುಹಾಕಿತು. ಈಗ ಲೂಯಿಸ್ ಕೇಸಿಯವರ ಇನ್ನೊಂದು ಆಯೋಗ, ಕಡೆಯ ವರದಿಗೆ 2028 ಅಂತ ಹೇಳಿದ್ದಾರೆ. ನನ್ನ ವಾರ್ಡಿನವರು ಯಾರೂ 2028 ನೋಡುವವರಲ್ಲ.

ಅದರ ಬದಲು ಎಂತ ಆಗ್ತದೆ ಅಂದರೆ ಬೋರ್ಡ್ ಬದಲಾಗ್ತದೆ. 2012ರ ಕಾನೂನಿನಿಂದ ಎನ್‌ಎಚ್‌ಎಸ್ ಇಂಗ್ಲೆಂಡ್ ಅಂತ ಒಂದು ದೊಡ್ಡ ಸಂಸ್ಥೆ ಮಾಡಿದರು. 2025 ಮಾರ್ಚಿನಲ್ಲಿ ಅದನ್ನು ಮುಚ್ಚುತ್ತೇವೆ ಅಂತ ಘೋಷಣೆ. ಕಟ್ಟಡ, ಕುರ್ಚಿ, ಲೆಟರ್‌ಹೆಡ್ ಬದಲಿಸುವುದು ಸುಲಭ. ಬೆಳಿಗ್ಗೆ ಏಳಕ್ಕೆ ಒಂದು ಮುದುಕಿಯ ಕಾಲುಚೀಲ ಹಾಕಲು ಜನ ಹೊಂದಿಸುವುದು ಕಷ್ಟ.

ಈಗ ನನ್ನ ಕಥೆ. ನಾನು ಇಲ್ಲಿ ಬೇರೆಯವರ ಅಪ್ಪಂದಿರ ಗಡ್ಡ ಮಾಡ್ತೇನೆ. ಶಿರ್ವದಲ್ಲಿ ನನ್ನ ಅಮ್ಮನನ್ನು ನೋಡಿಕೊಳ್ಳುವವಳು ಉತ್ತರ ಕರ್ನಾಟಕದಿಂದ ಬಂದ ಹುಡುಗಿ. ಅವಳ ಮಗುವನ್ನು ಅಲ್ಲಿ ಅವಳ ಅಮ್ಮ ನೋಡಿಕೊಳ್ತಾರೆ.

ಸೊಸೆ_ನಂಬರ್_2 · ಭಾನುವಾರ ಮಧ್ಯಾಹ್ನ 1.48

ಸಿಸ್ಟರ್, ಕಡೆಯ ಸಾಲು ಓದಿ ಊಟ ಇಳಿಯಲಿಲ್ಲ.

ಕಲ್ಯಾಣಪುರ_ಭಾವ · ಭಾನುವಾರ ಮಧ್ಯಾಹ್ನ 2.05

ಹಾಗಾದರೆ ಅಲ್ಲಿ ಹೊರಗೆ ಬಿಡುವುದಿಲ್ಲ, ಇಲ್ಲಿ ಒಳಗೆ ಇಟ್ಟುಕೊಳ್ಳುವುದಿಲ್ಲ. ಎರಡೂ ಕಡೆ ವಾರ್ಡಿನ ಬಾಗಿಲಿನ ಆಚೆ ಮಾತ್ರ ಖಾಲಿ. ನಾನು ಎಣಿಸಿದ್ದೆ, ಅವರದ್ದು ಎಪ್ಪತ್ತೈದು ವರ್ಷದ ವ್ಯವಸ್ಥೆ, ದುಡ್ಡಿನ ದೇಶ, ಇದನ್ನೆಲ್ಲ ಬಗೆಹರಿಸಿರಬಹುದು ಅಂತ.

ಬೈಂದೂರ್_ಹೈದ · ಭಾನುವಾರ ಸಂಜೆ 4.30

ಹ್ವಾಯ್, ನೀವೆಲ್ಲ ಇಂಗ್ಲೆಂಡಿಗ್ ಹೋಯಿ ಬಂದ್ರಿ, ಬೈಂದೂರಿಗ್ ಒಬ್ರೂ ಬರ್ಲಿಲ್ಲೆ. ನಮ್ಮನಿ ಗುಡ್ಡಿ ಬದಿಯಗ್ ಇತ್ತ್. ಅಪ್ಪಯ್ಯಂಗೆ ಲಕ್ವ ಹೊಡ್ದ್ ಎರಡ್ ವರ್ಷ ಆಯ್ತ್. ರೋಡಿಂದ ಮನಿಗೆ ಅರ್ಧ ಕಿಲೋಮೀಟ್ರ್ ಕಾಲ್ದಾರಿ, ಮಧ್ಯ ತೋಡ್ ದಾಟುಕೆ ಒಂದ್ ಸಂಕ. ಕುರ್ಚಿ ಮೇಲ್ ಕೂರ್ಸಿ ನಾಲ್ಕ್ ಜನ ಹೊತ್ಕಂಡ್ ಹೋಯ್ಕ್. 108 ಬತ್ತಿಲ್ಲೆ ಅಂಬುಕಿಲ್ಲೆ, ಬತ್ತ್, ರೋಡ್ ತನ್ಕ. ಮಣಿಪಾಲ ಎಪ್ಪತ್ತ್ ಕಿಲೋಮೀಟ್ರ್ ಹತ್ರ. ಫಿಸಿಯೋಥೆರಪಿಗೆ ವಾರಕ್ಕ್ ಮೂರ್ ಸರ್ತಿ ಬನ್ನಿ ಅಂದ್ರ್. ಹೊರುಕೆ ನಾಲ್ಕ್ ಜನ ಎಲ್ಲಿಂದ ತಪ್ಪುದ್? ಕೇರಿಯಗ್ ಇಪ್ಪುದೇ ಮೂರ್ ಗಂಡಸ್ರ್, ಅದ್ರಗೆ ಒಬ್ರಿಗೆ 70. ಎರಡ್ ವಾರ ಹೋದೆವ್, ಬಿಟ್ಟೆವ್. ಈಗ ಅಪ್ಪಯ್ಯನ್ ಕೈ ಮಡ್ಚಿಕಂಡ್ ಹಾಂಗೇ ನಿಂತಿತ್.

ಪಡುಬಿದ್ರಿ_ಎಕ್ಸ್‌ಪ್ರೆಸ್ · ಭಾನುವಾರ ಸಂಜೆ 4.44

ಮಳೆಗಾಲದಲ್ಲಿ ಸಂಕ ದಾಟುವುದು ಹೇಗೆ?

ಬೈಂದೂರ್_ಹೈದ · ಭಾನುವಾರ ಸಂಜೆ 4.46

ದಾಟುದಿಲ್ಲ.

ಉಪಕೇಂದ್ರ_ಅಕ್ಕ · ಭಾನುವಾರ ರಾತ್ರಿ 8.55

ನಾನು ಕಾರ್ಕಳ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದವಳು. ಮೊದಲು ನಮಗೆ ‘ಸಿಸ್ಟರ್’ ಅಂತಿದ್ದರು, ಈಗ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹೆಸರು ಉದ್ದ ಆಯಿತು, ದಾರಿ ಅಷ್ಟೇ ಉಂಟು.

ನೀವೆಲ್ಲ ‘ಮನೆಗೆ ಬರುವವರು ಯಾರೂ ಇಲ್ಲ’ ಅಂತ ಬರೀತಿದ್ದೀರಿ. ನಾವು ಬರ್ತೇವಲ್ಲ! ಗರ್ಭಿಣಿಗೆ ಬರ್ತೇವೆ, ಮಗುವಿನ ಇಂಜೆಕ್ಷನ್‌ಗೆ ಬರ್ತೇವೆ, ಟಿಬಿಗೆ, ಡೆಂಗ್ಯೂ ಲಾರ್ವಾ ನೋಡಲು, ಬಿಪಿ-ಶುಗರ್‌ಗೆ. ಬಯಲುಸೀಮೆಯ ಲೆಕ್ಕದಲ್ಲಿ 5000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡದ ಲೆಕ್ಕದಲ್ಲಿ 3000ಕ್ಕೆ ಒಂದು. ನಮ್ಮ ಮನೆಗಳು ತೋಟದ ಒಳಗೆ ಒಂದೊಂದು ಮೂಲೆಗೆ. ನಾಯಿ ಕಟ್ಟಿ ಅಂತ ಗೇಟಿನಲ್ಲಿ ಕೂಗಿ ಕೂಗಿ ಗಂಟಲು ಹೋಗ್ತದೆ.

ಕಾಗದದಲ್ಲಿ ನಿಮ್ಮ ಅತ್ತೆಗೂ ಜಾಗ ಉಂಟು ಭಾವ. ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಮಾಡಿದ್ದಾರಲ್ಲ, ಅದರ 12 ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ, ಉಪಶಾಮಕ ಆರೈಕೆ (ಪಾಲಿಯೇಟಿವ್, ಗುಣ ಆಗದ ಕಾಯಿಲೆಯವರ ನೋವು ನೋಡಿಕೊಳ್ಳುವುದು) ಎರಡೂ ಬರೆದಿದ್ದಾರೆ. ಆಶಾ ಮನೆ ಮನೆಗೆ ಹೋಗಿ ಆರೋಗ್ಯ ವಿಚಾರಿಸಿ ತುಂಬಿಸುವ ಸಿಬಿಎಸಿ ಫಾರಂನಲ್ಲಿ 60 ದಾಟಿದವರಿಗೆ ಪ್ರಶ್ನೆ ಉಂಟು: ನಿಂತಾಗ, ನಡೆಯುವಾಗ ಆಯ ತಪ್ಪುತ್ತದಾ? ದಿನದ ಕೆಲಸಕ್ಕೆ ಇನ್ನೊಬ್ಬರ ಸಹಾಯ ಬೇಕಾ? ನಾವು ಹೌದು ಅಂತ ಟಿಕ್ ಹಾಕ್ತೇವೆ. ಟಿಕ್ ಹಾಕಿದ ಮೇಲೆ? ಮುಂದಿನ ಮನೆ. ನಿಮ್ಮ ಅತ್ತೆಯನ್ನೂ ಬೀಳುವ ಮೊದಲು ಯಾರೋ ಕೇಳಿರಬಹುದು. ಅವರು ‘ಹೌದು ಮಗಾ, ಸ್ವಲ್ಪ ಓಲಾಡ್ತದೆ’ ಅಂದಿರಬಹುದು.

ಹುಣ್ಣಿನ ಡ್ರೆಸ್ಸಿಂಗ್ ನನಗೆ ಬರ್ತದೆ, ಕಲಿತಿದ್ದೇನೆ. ದಾರಿಯಲ್ಲಿ ಸಿಕ್ಕಿದ ಮನೆಯಲ್ಲಿ ಮಾಡಿದ್ದೂ ಉಂಟು. ಆದರೆ ಅದು ಟ್ಯಾಬ್‌ನಲ್ಲಿ ಏರುವುದಿಲ್ಲ. ತಿಂಗಳ ಮೀಟಿಂಗಿನಲ್ಲಿ ಕೇಳುವುದು ಏರಿದ್ದನ್ನು ಮಾತ್ರ. ನಾಲ್ಕು ಹುಣ್ಣು ಒಣಗಿಸಿದವಳು ಹಿಂದುಳಿದವಳು, ನಲವತ್ತು ಎಂಟ್ರಿ ಮಾಡಿದವಳು ಮುಂದೆ. ಆಶಾಗಳಂತೂ ಕೆಲಸ ಮಾಡಿದ್ದನ್ನು ಆನ್‌ಲೈನಿನಲ್ಲಿ ತೋರಿಸಿದರೆ ಮಾತ್ರ ಪ್ರೋತ್ಸಾಹಧನ. 2025 ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ, ತಿಂಗಳಿಗೆ ಇಷ್ಟು ಅಂತ ಖಚಿತ ಮಾಡಿ ಅಂತ ಕೇಳಿದ್ದು ಇವರೇ. ಇವರ ಮೇಲೆ ಇನ್ನು ಮಗ್ಗುಲು ಬದಲಿಸುವುದನ್ನೂ ಹಾಕಬೇಡಿ ದಯವಿಟ್ಟು. ಹಾಕುವುದಾದರೆ ಜನ ಕೊಟ್ಟು ಹಾಕಿ.

ಮಂಜೇಶ್ವರ_ಗಡಿ · ಭಾನುವಾರ ರಾತ್ರಿ 9.30

ನಾನು ತಲಪಾಡಿ ಟೋಲಿನ ಆಚೆ, ಕೇರಳದವನು. ನಮ್ಮಲ್ಲಿ ಅಕ್ಕ ಹೇಳಿದ ಕೆಲಸಕ್ಕೆ ಬೇರೆಯೇ ಜನ ಇದ್ದಾರೆ. ಪಂಚಾಯತಿನ ಪಾಲಿಯೇಟಿವ್ ನರ್ಸ್. ಅಜ್ಜನಿಗೆ ಕ್ಯಾತಿಟರ್ (ಮೂತ್ರದ ನಳಿಗೆ) ಹಾಕಿದ್ದಾಗ ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಬದಲಿಸಿ ಹೋಗ್ತಿದ್ದರು. ಜೊತೆಗೆ ಆಶಾ, ಒಬ್ಬ ವಾಲಂಟಿಯರ್, ಕೆಲವೊಮ್ಮೆ ವಾರ್ಡ್ ಮೆಂಬರ್ ಕೂಡ, ಅವರು ಚಾ ಕುಡಿಯಲು ಬರುವುದು ಬಿಡಿ. ಇದು ಸರ್ಕಾರ ಮೇಲಿಂದ ಇಳಿಸಿದ್ದಲ್ಲ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಕೆಲವು ಡಾಕ್ಟ್ರು ಶುರು ಮಾಡಿದ್ದು, ಊರಿನವರು ಚಂದಾ ಎತ್ತಿ ಬೆಳೆಸಿದ್ದು. ಸರ್ಕಾರ 2008ರಲ್ಲಿ ನೀತಿ ಮಾಡಿತು, ದೇಶದಲ್ಲೇ ಮೊದಲು. ಆಮೇಲೆ ಪಂಚಾಯತ್ ಬಜೆಟಿಗೆ ಬಂತು.

ಆದರೆ ಹೃದಯ ಕೈಕೊಟ್ಟರೆ? ನಾವು ಮಂಗಳೂರಿಗೇ ಓಡುವುದು. 2020 ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ನಿಮ್ಮವರು ಗಡಿಗೆ ಮಣ್ಣು ಹಾಕಿ ಆಂಬುಲೆನ್ಸ್ ತಡೆದಾಗ ಆದದ್ದು ನಾವು ಮರೆತಿಲ್ಲ, ಸುಪ್ರೀಂ ಕೋರ್ಟಿನ ತನಕ ಹೋಯಿತು. ಆಸ್ಪತ್ರೆ ನಿಮ್ಮ ಕಡೆ, ಆರೈಕೆ ನಮ್ಮ ಕಡೆ. ಮಧ್ಯೆ ಒಂದು ಟೋಲ್ ಗೇಟ್.

ಕಲ್ಯಾಣಪುರ_ಭಾವ · ಭಾನುವಾರ ರಾತ್ರಿ 9.38

ತಿಂಗಳಿಗೊಮ್ಮೆ ಅಂದಿರಿ. ಮಧ್ಯದ ಇಪ್ಪತ್ತೊಂಬತ್ತು ದಿನ?

ಮಂಜೇಶ್ವರ_ಗಡಿ · ಭಾನುವಾರ ರಾತ್ರಿ 9.41

ಅಮ್ಮ. ಸತ್ಯ ಹೇಳಬೇಕಲ್ಲ. ಆದರೆ ಹುಣ್ಣಿನ ಕೆಂಪು ಕಂಡ ದಿನವೇ ಅಮ್ಮನಿಗೆ ಫೋನ್ ಮಾಡಲು ಒಂದು ನಂಬರ್ ಇತ್ತು. ಸೊಳ್ಳೆ ಕಚ್ಚಿದ್ದಾ, ಒತ್ತಿದ ಗುರುತಾ ಅಂತ ಅವರು ಫೋನಿನಲ್ಲೇ ಹೇಳ್ತಿದ್ದರು.

ಕೊಡಿಯಾಲ್_ಪಿಂಚಣಿ · ಸೋಮವಾರ ಬೆಳಿಗ್ಗೆ 6.50

ರಾತ್ರಿ ಎಲ್ಲ ಓದಿದೆ. ‘ಮನೆಯಲ್ಲಿ ನೋಡಿಕೊಳ್ತಾ ಇರ್ಲಿಲ್ಲವಾ’ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ತೇನೆ. ನನ್ನ ಹೆಂಡತಿಗೂ ಓದಿಸಿದೆ, ಅವಳು ನನ್ನ ತಾಯಿಯ ಹೆಸರು ಹೇಳಿ ಎದ್ದು ಹೋದಳು.

ಆದರೂ ನಾನು ಬ್ಯಾಂಕಿನವ, ದುಡ್ಡು ಎಲ್ಲಿಂದ ಅಂತ ಕೇಳದೆ ಬಿಡಲಾರೆ. ಜರ್ಮನಿಯವರು 1995ರಲ್ಲಿ ಆರೈಕೆಗೇ ಅಂತ ಬೇರೆ ವಿಮೆ ಮಾಡಿದರು. ಜಪಾನ್ 2000ದಲ್ಲಿ, ಅಲ್ಲಿ 40 ದಾಟಿದವರೆಲ್ಲ ಕಂತು ಕಟ್ಟಬೇಕು. ಅಲ್ಲಿ ಸಂಬಳದಿಂದಲೇ ಮುರಿಯುತ್ತಾರೆ. ನಮ್ಮಲ್ಲಿ ಬೀಡಿ ಕಟ್ಟುವವರು, ಮೀನು ಮಾರುವವರು, ತೋಟದ ಕೆಲಸದವರು, ಇವರ ಸಂಬಳದಿಂದ ಯಾರು ಮುರಿಯುವುದು? ಹಾಗಂತ ಆಗುವುದೇ ಇಲ್ಲ ಅಂತ ಹೇಳಲಾರೆ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ. ಏಜೆಂಟ್ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಎತ್ತಿದ್ದು. ಎರಡಾಣೆಗೆ ಯಾರು ಮನೆಗೆ ಬರ್ತಾರೆ ಅಂತ ಆಗಲೂ ನಕ್ಕಿರಬೇಕು. ಆರೈಕೆಗೂ ಅಂಥದ್ದೊಂದು ಪಿಗ್ಮಿ ಪಂಚಾಯತ್ ಮಟ್ಟದಲ್ಲಿ ಯಾಕೆ ಆಗಬಾರದು?

ಬಿಳಿಕೋಟು_ಕಪ್ಪುಕಾಫಿ · ಸೋಮವಾರ ಬೆಳಿಗ್ಗೆ 8.20

ಪಿಗ್ಮಿ ಉಳಿತಾಯ ಸರ್, ಕಟ್ಟಿದ್ದು ಕಟ್ಟಿದವನಿಗೇ ವಾಪಸ್ ಬರ್ತದೆ. ಇದು ವಿಮೆ. ಹತ್ತು ಮನೆಯವರು ಕಟ್ಟಿದ್ದು ಒಂದು ಮನೆಯ ಹಾಸಿಗೆಗೆ ಹೋಗಬೇಕು. ಮೂರನೇ ವರ್ಷ ‘ನಮಗೆಂತ ಸಿಕ್ಕಿತು’ ಅಂತ ಒಂಬತ್ತು ಮನೆಯವರು ಬಿಡ್ತಾರೆ.

ಸೊಸೆ_ನಂಬರ್_2 · ಸೋಮವಾರ ಬೆಳಿಗ್ಗೆ 8.45

ಮತ್ತೆ ಕಂತು ಕಟ್ಟುವುದೂ ನಾವೇ, ಮಗ್ಗುಲು ಬದಲಿಸುವುದೂ ನಾವೇ ಆದರೆ ಎಂತ ಬಂತು? ದುಡ್ಡು ಬಂದರೆ ಮೊದಲು ಮನೆಗೆ ಬರುವ ಜನಕ್ಕೆ ಸರಿಯಾದ ಸಂಬಳ ಕೊಡಿ. ಇಲ್ಲದಿದ್ದರೆ ಭಾವನ ಹೋಂ ನರ್ಸ್ ಹಾಗೆ ತಂಗಿಯ ಮದುವೆ ಬರ್ತಾನೇ ಇರ್ತದೆ. ಅವಳನ್ನೂ ನಾನು ಬೈಯುವುದಿಲ್ಲ. 22 ಸಾವಿರದಲ್ಲಿ ಏಜೆನ್ಸಿ ಎಷ್ಟು ಹಿಡೀತದೆ ಅಂತ ಕೇಳಿದಿರಾ ಯಾರಾದರೂ?

ಕಲ್ಯಾಣಪುರ_ಭಾವ · ಸೋಮವಾರ ಬೆಳಿಗ್ಗೆ 9.02

ನಾನು ಕೇಳಲಿಲ್ಲ. ಒಪ್ಪಿದೆ.

ಶಿರ್ವದ_ಸಿಸ್ಟರ್ · ಸೋಮವಾರ ಬೆಳಿಗ್ಗೆ 10.30

ಇಲ್ಲಿಯೂ ಅದೇ. ಸೂಪರ್ ಮಾರ್ಕೆಟಿನಲ್ಲಿ ಡಬ್ಬಿ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಸಿಗ್ತದೆ ಅಂತ ಕೇರರ್‌ಗಳು ಬಿಟ್ಟು ಹೋಗ್ತಾರೆ. ಹೊರದೇಶದಿಂದ ಕರೆಸಿ ಇಷ್ಟು ವರ್ಷ ತುಂಬಿಸಿದರು, 2025 ಜುಲೈಯಿಂದ ಕೇರ್ ವರ್ಕರ್‌ಗಳನ್ನು ಹೊರಗಿಂದ ಹೊಸದಾಗಿ ಕರೆಸುವುದನ್ನೂ ನಿಲ್ಲಿಸಿದ್ದಾರೆ. ಡಿಸ್ಚಾರ್ಜ್ ದಿನ ನಿಮ್ಮ ಅಲ್ಲಿಯವರು ಒಂದು ಕೆಲಸ ಮಾಡಬಹುದಿತ್ತು ಭಾವ, ಅದಕ್ಕೆ ಕಾಸೂ ಬೇಡ, ಆಯೋಗವೂ ಬೇಡ. ನಿಮ್ಮ ಹೆಂಡತಿಯನ್ನು ಅರ್ಧ ಗಂಟೆ ವಾರ್ಡಿನಲ್ಲಿ ನಿಲ್ಲಿಸಿ ತಿರುಗಿಸುವುದು ಹೇಗೆ, ಹಿಮ್ಮಡಿ ಕೆಳಗೆ ಎಂತ ಇಡುವುದು, ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡುವುದು ಹೇಗೆ ಅಂತ ತೋರಿಸುವುದು. ಒತ್ತಿ ಬಿಟ್ಟಾಗ ಬಿಳಿ ಆಗಿ ಮತ್ತೆ ಕೆಂಪಾದರೆ ಇನ್ನೂ ಹೊತ್ತುಂಟು. ಬಿಳಿ ಆಗದೆ ಹಾಗೇ ಉಳಿದರೆ ಒಳಗೆ ಹುಣ್ಣು ಶುರು.

ಕಲ್ಯಾಣಪುರ_ಭಾವ · ಸೋಮವಾರ ಬೆಳಿಗ್ಗೆ 10.52

ಯಾರೂ ತೋರಿಸಲಿಲ್ಲ. ಬ್ಯಾಚ್ ನಂಬರ್ ತೋರಿಸಿದರು.

ಅತ್ತೆ ಈಗ ವಾಕರ್ ಹಿಡಿದು ಜಗಲಿ ತನಕ ಬರ್ತಾರೆ. ಹುಣ್ಣು ಒಣಗಿದೆ, ಗುಂಡಿ ಬಿದ್ದ ಜಾಗ ಹಾಗೇ ಉಂಟು. ಹೆಂಡತಿಯ ಕೆಲಸ ಹೋಯಿತು, ಈ ವರ್ಷ ಆ ಶಾಲೆಯಲ್ಲಿ ಜಾಗ ಇಲ್ಲವಂತೆ. ಅಂಗಳಕ್ಕೆ ಹಾಸುಕಲ್ಲು ಹಾಕಿಸಿದ್ದೇನೆ.

ಬೈಂದೂರ್_ಹೈದ · ಸೋಮವಾರ ಮಧ್ಯಾಹ್ನ 12.15

ಭಾವ, ಹಾಂಗಾರೆ ಆ ಏರ್ ಬೆಡ್ ಈಗ ಖಾಲಿಯೇ?

ಕಲ್ಯಾಣಪುರ_ಭಾವ · ಸೋಮವಾರ ಮಧ್ಯಾಹ್ನ 12.20

ಅಟ್ಟದಲ್ಲಿ ಉಂಟು. ಬೇಕಾ? ಬುಧವಾರ ನನಗೆ ಕುಂದಾಪುರದಲ್ಲಿ ಸಂಘದ ಮೀಟಿಂಗ್ ಉಂಟು, ತರ್ತೇನೆ. ಮೋಟಾರು ಶಬ್ದ ಮಾಡ್ತದೆ, ಮೊದಲೇ ಹೇಳಿದ್ದೇನೆ.

ಬೈಂದೂರ್_ಹೈದ · ಸೋಮವಾರ ಮಧ್ಯಾಹ್ನ 12.22

ಅಡ್ಡಿಲ್ಲೆ, ಅಪ್ಪಯ್ಯಂಗೆ ಕೆಮಿ ಅಷ್ಟ್ ಕೇಂತಿಲ್ಲೆ. ಶಾಸ್ತ್ರಿ ಸರ್ಕಲ್ ಹತ್ರ ನಿಂತಿರ್ತೆ.